ಮೈದಾನ ಯಾರದು, ಕ್ಲಬ್ ಯಾರದು?

ಒಂದೇ ಊರಿನ ಫುಟ್‌ಬಾಲ್ ತಂಡ ಒಡೆದು ಎರಡಾಗುವುದು ಆಟದ ಕಾರಣಕ್ಕೆ ಕಡಿಮೆ, ಜಾಗದ ಕಾರಣಕ್ಕೆ ಹೆಚ್ಚು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಮೈದಾನದಲ್ಲಿ ಮೊದಲು ಆಡುತ್ತಿದ್ದುದು ಲಿವರ್‌ಪೂಲ್ ಅಲ್ಲ, ಎವರ್ಟನ್. ಕ್ಲಬ್ಬಿನ ಅಧ್ಯಕ್ಷ ಜಾನ್ ಹೌಲ್ಡಿಂಗ್ ಅವರೇ ಮೈದಾನದ ಒಡೆಯರೂ ಆಗಿದ್ದರು. ಬಾಡಿಗೆ 100 ಪೌಂಡಿನಿಂದ 250ಕ್ಕೇರಿತು. 1892ರಲ್ಲಿ ಸದಸ್ಯರು ಪಕ್ಕದ ಸ್ಟಾನ್ಲಿ ಪಾರ್ಕಿನ ಆಚೆಗಿನ ಗುಡಿಸನ್ ಪಾರ್ಕ್ ಮೈದಾನಕ್ಕೆ ಹೋದರು. ಹೌಲ್ಡಿಂಗ್ ಎವರ್ಟನ್ ಹೆಸರನ್ನೂ ಉಳಿಸಿಕೊಳ್ಳಲು ನೋಡಿದರು, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. ಖಾಲಿ ಬಿದ್ದ ಮೈದಾನಕ್ಕಾಗಿ ಹುಟ್ಟಿದ್ದೇ ಲಿವರ್‌ಪೂಲ್ ಎಫ್‌ಸಿ.

ಹಾಸನ, ಚಿಕ್ಕಮಗಳೂರು ಕಡೆ ತಂಡ ಕಟ್ಟುವವರು ಜೆರ್ಸಿಗಿಂತ ಮೊದಲು ಪಹಣಿ ನೋಡಬೇಕು. ತೋಟದ ಸಾಹುಕಾರರು 'ಆಡ್ಕೊಳ್ಳಿ ಹೋಗ್ರಪ್ಪ' ಎಂದು ಬಾಯಿಮಾತಿನಲ್ಲಿ ಬಿಟ್ಟ ಜಾಗ ಅವರ ನಂತರ ವಿಭಾಗಪತ್ರದಲ್ಲಿ ಯಾರದೋ ಪಾಲಿಗೆ ಬೀಳುತ್ತದೆ. ಅವರು ಅಲ್ಲಿ ಕಾಫಿ ಗಿಡ ನೆಟ್ಟರೆ ಕೇಳುವ ಹಕ್ಕು ಕ್ಲಬ್ಬಿಗಿಲ್ಲ. ಪಹಣಿಯಲ್ಲಿ ಗೋಮಾಳ ಎಂದಿದ್ದರೆ ಊರವರ ಒಪ್ಪಿಗೆಯೊಂದೇ ಸಾಲದು, ಕಂದಾಯ ಇಲಾಖೆಯಿಂದ ಲಿಖಿತ ಮಂಜೂರಾತಿ ಬೇಕು. ಕೃಷಿ ಜಮೀನಿನಲ್ಲಿ ಗ್ಯಾಲರಿ ಎಬ್ಬಿಸುವುದಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆ ಆಗಿರಬೇಕು.

ಛಾಪಾ ಕಾಗದದ 11 ತಿಂಗಳ ಕರಾರು ಅಭ್ಯಾಸಕ್ಕೆ ಸಾಕು, ಅದನ್ನು ನಂಬಿ ಬೇಲಿ, ಡ್ರೆಸ್ಸಿಂಗ್ ರೂಮ್ ಕಟ್ಟಬಾರದು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಖರ್ಚು ಮಾಡುವ ಮನಸ್ಸಿದ್ದರೆ ಕನಿಷ್ಠ 10 ವರ್ಷಕ್ಕೆ ಬರೆಸಿ, ಬಿಟ್ಟುಕೊಡುವಾಗ ಗೋಲ್ ಕಂಬ, ಮೋಟಾರು, ಶೀಟು ಯಾರಿಗೆ ಸೇರುತ್ತವೆ ಎಂಬುದನ್ನೂ ಸೇರಿಸಿ.

ಇನ್ನು ಕ್ಲಬ್. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸೇರಿದರೆ ಸಂಘವಾಗುತ್ತದೆ. ಅಪಾಯ ಇರುವುದು ಬೈಲಾದಲ್ಲಿ. ಹಣ ಹಾಕಿದ ಪ್ರಾಯೋಜಕರು ಚುನಾವಣೆಗೆ ಒಂದು ತಿಂಗಳ ಮುಂಚೆ ತಮ್ಮ ಕಡೆಯ 30 ಜನರಿಗೆ ಸದಸ್ಯತ್ವ ಮಾಡಿಸಿದರೆ ಕ್ಲಬ್ ಅವರ ಕೈಸೇರಿದಂತೆಯೇ. ಸದಸ್ಯರಾಗಿ ಒಂದು ವರ್ಷ ತುಂಬದವರಿಗೆ ಮತವಿಲ್ಲ ಎಂಬ ಒಂದು ಸಾಲು ಮೊದಲೇ ಇದ್ದರೆ ಇದಕ್ಕೆ ದಾರಿಯೇ ಇರುವುದಿಲ್ಲ. ಜರ್ಮನಿಯಲ್ಲಿ 1998ರಲ್ಲಿ ಕ್ಲಬ್ಬುಗಳು ಕಂಪನಿಯಾಗಲು ಬಿಟ್ಟಾಗಲೂ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಸಂಘದಲ್ಲೇ ಉಳಿಯಬೇಕು ಎಂದು ಕಟ್ಟು ಹಾಕಿದರು, ಕೆಲವೇ ಕ್ಲಬ್ಬುಗಳಿಗೆ ವಿನಾಯಿತಿ ಸಿಕ್ಕಿತು. ಪ್ರಾಯೋಜಕರ ಹೆಸರು ಜೆರ್ಸಿಯ ಎದೆ ಮೇಲೆ ಎಷ್ಟು ದೊಡ್ಡದಾಗಿ ಬೇಕಾದರೂ ಇರಲಿ, ಮತಪೆಟ್ಟಿಗೆಯಲ್ಲಿ ಮಾತ್ರ ಅವರದು ಒಂದೇ ಮತ.

ಕ್ಲಬ್ಬಿನ ಹೆಸರು ಮತ್ತು ಲಾಂಛನವನ್ನು ಕ್ರೀಡೆ, ಮನರಂಜನೆ ಸೇರುವ 41ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಬಹುದು. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿಯ ಹೆಸರಲ್ಲಾದರೆ 4,500 ರೂಪಾಯಿ, ಸಂಘದ ಹೆಸರಲ್ಲಾದರೆ 9,000. ಆ 4,500 ಉಳಿಸಲು ಕಾರ್ಯದರ್ಶಿಯ ಹೆಸರಲ್ಲಿ ಹಾಕಿದರೆ, ನಾಳೆ ಅವರು ಮುನಿಸಿಕೊಂಡು ಹೊರಟಾಗ ಊರಿನ ಹೆಸರೂ ಅವರ ಜೊತೆ ಹೋಗುತ್ತದೆ. ದಯವಿಟ್ಟು ಈ ಉಳಿತಾಯ ಮಾಡಬೇಡಿ.

ಪಕ್ಕದೂರಿನ ಜಿದ್ದು ಒಳ್ಳೆಯದೇ, ಟಿಕೆಟ್ ಹೋಗುವುದೇ ಅದರಿಂದ. ಸಕಲೇಶಪುರ–ಮೂಡಿಗೆರೆಯಂಥ ಅಕ್ಕಪಕ್ಕದ ಎರಡು ತಂಡ ಒಂದೇ ಮೈದಾನ ಹಂಚಿಕೊಳ್ಳುವುದೂ ಸಾಧ್ಯ, ಇಟಲಿಯ ಮಿಲಾನಿನ ಎರಡು ಕ್ಲಬ್ಬುಗಳು ದಶಕಗಳಿಂದ ಸ್ಯಾನ್ ಸಿರೊ ಮೈದಾನ ಹಂಚಿಕೊಂಡಿವೆ. ಆದರೆ ಮಲೆನಾಡಿನಲ್ಲಿ ಇದಕ್ಕೆ ಮಳೆಯ ಷರತ್ತು ಬೇಕೇ ಬೇಕು. ಜುಲೈನಲ್ಲಿ ನೀರು ನಿಂತ ಅಂಕಣದಲ್ಲಿ ಒಂದೇ ಪಂದ್ಯ ಆಡಿದರೂ ಸ್ಟಡ್ಡುಗಳಿಗೆ ಹುಲ್ಲು ಬೇರುಸಮೇತ ಏಳುತ್ತದೆ. ಗೋಲ್ ಬಾಯಿಯ ಮುಂದೆ ಕೆಸರು ಗುಂಡಿಯಾಗಿ, ಒಣಗಿದ ಮೇಲೆ ಕಾಲು ಹೊರಳಿಸುವ ಹೆಂಟೆಯಾಗುತ್ತದೆ. ಮೊದಲು ಆಡಿದವರ ಹಾನಿ ಎರಡನೆಯವರ ಪಾಲಿಗೆ. ಆದ್ದರಿಂದ ಆಟ ನಿಲ್ಲಿಸುವ ಅಧಿಕಾರ ಎರಡೂ ಕ್ಲಬ್ಬಿಗೆ ಸೇರದ ಒಬ್ಬರಿಗೇ ಇರಲಿ, ಚೆಂಡು ನೆಲದ ಮೇಲೆ ಉರುಳದೆ ನೀರಿನಲ್ಲಿ ನಿಂತರೆ ಪಂದ್ಯ ಇಲ್ಲ ಎಂಬುದು ಅಳತೆಗೋಲಾಗಲಿ. ಮುಂದೂಡಿದ ಪಂದ್ಯಕ್ಕೆ ಶಾಮಿಯಾನದವರ ಮುಂಗಡ, ರೆಫರಿಗಳ ಬಸ್ ಚಾರ್ಜು ಯಾರು ಕೊಡಬೇಕು ಎಂಬುದನ್ನೂ ಅದೇ ಕರಾರಿನಲ್ಲಿ ಬರೆಸಿ.