ಈಥರ್ ತಾನಾಗಿ ಕುದಿಯುವ ಊರಿನಲ್ಲಿ ಕೀಟೋನ್ ರಿಡಕ್ಷನ್

ಈಥರ್ ಅನ್ನುವ ದ್ರಾವಕ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ಗೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫ್ಯಾನ್ ಮಾತ್ರ ಇರುವ ಲ್ಯಾಬಿನಲ್ಲಿ ಈಥರ್ ಬಾಟಲಿಯ ಮುಚ್ಚಳ ಸಡಿಲಿಸಿದರೆ ಸಾಕು, ಬುಸ್ ಅನ್ನುತ್ತದೆ. ಬರ್ನರ್ ಬೇಡ, ವಾಟರ್ ಬಾತ್ ಬೇಡ. ಅದರ ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ ಹರಿದು, ದೂರದಲ್ಲಿ ಎಲ್ಲೋ ಇರುವ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ.

ಎಂ.ಎಸ್ಸಿ. ಕೆಮಿಸ್ಟ್ರಿ ಓದಿದವರಿಗೆ ಗೊತ್ತಿರುತ್ತದೆ. ಕೀಟೋನನ್ನು ಆಲ್ಕೋಹಾಲ್ ಮಾಡುವುದು ಹೇಗೆ ಅಂದರೆ ಪುಸ್ತಕ ಮೊದಲು ಹೇಳುವ ಹೆಸರುಗಳಲ್ಲಿ ಒಂದು ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್. ಅದೂ ಒಣ, ಅಂದರೆ ನೀರಿನಂಶವಿಲ್ಲದ ಈಥರ್‌ನಲ್ಲಿ. ಆದರೆ ಪ್ರಾಕ್ಟಿಕಲ್‌ನಲ್ಲಿ ಕೈಗೆ ಸಿಗುವುದು ಸಾಮಾನ್ಯವಾಗಿ ಸೋಡಿಯಂ ಬೋರೋಹೈಡ್ರೈಡ್, ಜೊತೆಗೆ ಮೆಥನಾಲ್, ಒಂದಿಷ್ಟು ಐಸ್. ಪುಸ್ತಕಕ್ಕೂ ಬೆಂಚಿಗೂ ಈ ಅಂತರ ಯಾಕೆ ಬಂತು ಅನ್ನುವುದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಕಥೆ ಇದೆ.

ಕಾಗದದ ಮೇಲೆ ಈ ಕ್ರಿಯೆ ಬಹಳ ಸರಳ. ಕೀಟೋನ್‌ನಲ್ಲಿ ಒಂದು ಕಾರ್ಬನ್, ಅದಕ್ಕೆ ಎರಡು ಬಂಧದಲ್ಲಿ ಅಂಟಿಕೊಂಡ ಆಕ್ಸಿಜನ್. ಕಾರ್ಬನ್‌ಗೆ ಒಂದು ಹೈಡ್ರೋಜನ್, ಆಕ್ಸಿಜನ್‌ಗೆ ಒಂದು ಹೈಡ್ರೋಜನ್ ಸೇರಿಸಿದರೆ ಆಲ್ಕೋಹಾಲ್. ಇದಕ್ಕೇ ರಿಡಕ್ಷನ್ ಅನ್ನುತ್ತಾರೆ. ಅಸಿಟೋನ್ ಹೋಗಿ ಐಸೋಪ್ರೊಪೈಲ್ ಆಲ್ಕೋಹಾಲ್ ಆಗುತ್ತದೆ. ನೇಲ್ ಪಾಲಿಶ್ ಒರೆಸುವ ದ್ರವ ಸ್ಯಾನಿಟೈಸರ್ ದ್ರವ ಆದಂತೆ, ಅಷ್ಟೇ. ಕಷ್ಟ ಇರುವುದು ಆ ಹೈಡ್ರೋಜನನ್ನು ಯಾರು ಕೊಡಬೇಕು, ಕೊಡುವಾಗ ಲ್ಯಾಬಿಗೆ ಬೆಂಕಿ ಹತ್ತದಂತೆ ಹೇಗೆ ನೋಡಿಕೊಳ್ಳಬೇಕು ಅನ್ನುವುದರಲ್ಲಿ.

1862ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಫ್ರೀಡೆಲ್ ಇದೇ ಅಸಿಟೋನನ್ನು ಸೋಡಿಯಂ ಅಮಾಲ್ಗಮ್ ಬಳಸಿ ಆಲ್ಕೋಹಾಲ್ ಮಾಡಿದ್ದರು. ಸೋಡಿಯಂ ಒಂದೇ ಇದ್ದರೆ ನೀರು ಕಂಡ ಕೂಡಲೇ ರೇಗುತ್ತದೆ, ಪಾದರಸದಲ್ಲಿ ಕರಗಿಸಿದರೆ ಸ್ವಲ್ಪ ತಣ್ಣಗಾಗುತ್ತದೆ. ಆದರೆ ಪಾದರಸ ಲ್ಯಾಬಿನಲ್ಲೇ ಉಳಿಯುತ್ತಿತ್ತು. ಆಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆಮೇಲೆ ಸತು ಬಂತು. ಸತುವಿನ ಪುಡಿ, ಕಾಸ್ಟಿಕ್ ಸೋಡಾ, ಆಲ್ಕೋಹಾಲ್: ಈ ಮೂರರಿಂದ ಬೆಂಜೊಫಿನೋನ್ ಅನ್ನುವ ಕೀಟೋನನ್ನು ಬೆಂಜ್‌ಹೈಡ್ರಾಲ್ ಅನ್ನುವ ಆಲ್ಕೋಹಾಲ್ ಮಾಡುವ ವಿಧಾನ ಹಳೆಯದು, ಗಟ್ಟಿಮುಟ್ಟಾದದ್ದು. ಸತು ಅಂದರೆ ನಮ್ಮ ಭಾಗದವರಿಗೆ ಬೀದರ್ ನೆನಪಾಗಲೇಬೇಕು. ಬಿದರಿ ಪಾತ್ರೆಯ ಲೋಹದಲ್ಲಿ ಹದಿನಾರು ಪಾಲು ಸತುವಿಗೆ ಒಂದು ಪಾಲಿನಷ್ಟು ತಾಮ್ರ. ನವಸಾಗರದ ಜೊತೆ ಕೋಟೆಯ ಮಣ್ಣು ಕಲಸಿ ಹಚ್ಚಿದಾಗ ಆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಎಳೆ ಹಾಗೇ ಹೊಳೆಯುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಸತುವಿಗೆ ಬೆಳ್ಳಿಯಷ್ಟು ಜಿಪುಣತನ ಇಲ್ಲ. ಕೀಟೋನ್‌ಗೆ ಬೇಕಾದದ್ದೂ ಅದೇ ಗುಣ.

ಇನ್ನೊಂದು ದಾರಿ ಇತ್ತು, ನನಗೆ ಬಹಳ ಇಷ್ಟವಾದದ್ದು. 1900ರ ಸುಮಾರಿಗೆ ಇಟಲಿಯ ಬೊಲೊನ್ಯಾದಲ್ಲಿ ಚಿಯಾಮಿಚಿಯನ್ ಮತ್ತು ಸಿಲ್ಬರ್ ಆಲ್ಕೋಹಾಲ್‌ನಲ್ಲಿ ಕರಗಿಸಿದ ಬೆಂಜೊಫಿನೋನನ್ನು ಗಾಜಿನ ಪಾತ್ರೆಯಲ್ಲಿ ಬಿಸಿಲಿಗಿಟ್ಟರು. ಬೆಳಕು ಬಿದ್ದ ಕೀಟೋನ್ ಪಕ್ಕದ ಆಲ್ಕೋಹಾಲ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಆದರೆ ಒಂದೇ ಹೈಡ್ರೋಜನ್ ಸಿಕ್ಕಿದ ಎರಡು ಅಣುಗಳು ಕೈ ಕೈ ಹಿಡಿದುಕೊಂಡು ಬೆಂಜೊಪಿನಕಾಲ್ ಅನ್ನುವ ಹರಳಾಗಿ ಕೂರುತ್ತವೆ. ಅರ್ಧಕ್ಕೇ ನಿಂತ ರಿಡಕ್ಷನ್ ಇದು. ಅದಕ್ಕೆ ಚೂರೇ ಚೂರು ಕ್ಷಾರ ಸೋಕಿದರೆ ಮತ್ತೆ ಒಡೆದು, ಅರ್ಧ ಬೆಂಜೊಫಿನೋನ್, ಅರ್ಧ ಬೆಂಜ್‌ಹೈಡ್ರಾಲ್ ಆಗುತ್ತದೆ. ಗಾಜಿನಿಂದ ಬರುವ ಕ್ಷಾರವೇ ಸಾಕು ಅಂತ ಪ್ರಯೋಗದ ವಿಧಾನದಲ್ಲಿ ಒಂದು ಹನಿ ಅಸಿಟಿಕ್ ಆಸಿಡ್ ಹಾಕಲು ಹೇಳುತ್ತಾರೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮಾಡುವ ಈ ಪ್ರಯೋಗಕ್ಕೆ ಯೂರೋಪಿನಲ್ಲಿ ಮೋಡ ಸರಿಯುವುದನ್ನು ಕಾಯಬೇಕು. ಕಲಬುರಗಿಯಲ್ಲಿ ಕಿಟಕಿ ಕಟ್ಟೆ ಇದ್ದರೆ ಆಯಿತು. ನಮ್ಮ ಬಿಸಿಲು ಕೆಮಿಸ್ಟ್ರಿಗೆ ಅನುಕೂಲ ಮಾಡಿಕೊಡುವ ಅಪರೂಪದ ಸಂದರ್ಭ.

1925-26ರಲ್ಲಿ ಮೇರ್‌ವೈನ್, ಪೊನ್‌ಡಾರ್ಫ್, ವೆರ್ಲೆ ಮೂವರೂ ಬೇರೆ ಬೇರೆಯಾಗಿ ಕೆಲಸ ಮಾಡಿ ಅಲ್ಯೂಮಿನಿಯಂ ಆಲ್ಕಾಕ್ಸೈಡ್ ವಿಧಾನ ತಂದರು. ಇದರಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನ ಹೈಡ್ರೋಜನನ್ನು ಕೀಟೋನ್‌ಗೆ ಕೊಟ್ಟು ತಾನು ಅಸಿಟೋನ್ ಆಗಿ ಹೊರಟುಹೋಗುತ್ತದೆ. ಫ್ರೀಡೆಲ್ ಮಾಡಿದ್ದರ ಉಲ್ಟಾ. ಅಸಿಟೋನನ್ನು ಆವಿ ಮಾಡಿ ತೆಗೆಯುತ್ತಾ ಹೋದರೆ ಕ್ರಿಯೆ ಮುಂದೆ ಮುಂದೆ ಸಾಗುತ್ತದೆ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಇಷ್ಟೆಲ್ಲ ಇದ್ದರೂ ನಿಜವಾದ ತಿರುವು ಬಂದದ್ದು ಯುದ್ಧದಿಂದ. ಅದೂ ಕೀಟೋನ್‌ಗೆ ಸಂಬಂಧವೇ ಇಲ್ಲದ ಕೆಲಸದಿಂದ.

ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ಲೆಸಿಂಜರ್ ಅನ್ನುವ ಪ್ರೊಫೆಸರ್ ಬೋರಾನ್ ಹೈಡ್ರೈಡ್‌ಗಳ, ಅಂದರೆ ಬೋರಾನ್ ಮತ್ತು ಹೈಡ್ರೋಜನ್ ಕೂಡಿದ ಪದಾರ್ಥಗಳ ಬೆನ್ನು ಹತ್ತಿದ್ದರು. ಹರ್ಬರ್ಟ್ ಬ್ರೌನ್ ಅಲ್ಲೇ ಓದುತ್ತಿದ್ದ ಬಡ ಹುಡುಗ. 1936ರಲ್ಲಿ ಪದವಿ ಮುಗಿದಾಗ ಗೆಳತಿ ಸಾರಾ ಬೇಲೆನ್ ಆಲ್ಫ್ರೆಡ್ ಸ್ಟಾಕ್ ಬರೆದ ಬೋರಾನ್, ಸಿಲಿಕಾನ್ ಹೈಡ್ರೈಡ್‌ಗಳ ಪುಸ್ತಕವನ್ನು ಉಡುಗೊರೆ ಕೊಟ್ಟರು. ಅದನ್ನೇ ಯಾಕೆ ಆರಿಸಿದರು? ಅಂಗಡಿಯಲ್ಲಿದ್ದ ಕೆಮಿಸ್ಟ್ರಿ ಪುಸ್ತಕಗಳಲ್ಲಿ ಅದೇ ಅಗ್ಗ, 2 ಡಾಲರ್ 6 ಸೆಂಟ್. ಮುಂದೆ ಸಾರಾ ಅವರನ್ನೇ ಮದುವೆಯಾದ ಬ್ರೌನ್, 1979ರಲ್ಲಿ ನೊಬೆಲ್ ಪಡೆದಾಗ ಈ ಕಥೆಯನ್ನು ತಾವೇ ಹೇಳಿದರು.

ಎರಡನೇ ಮಹಾಯುದ್ಧ ಶುರುವಾದಾಗ ಅಮೆರಿಕ ಸರ್ಕಾರಕ್ಕೆ ಸುಲಭವಾಗಿ ಆವಿಯಾಗುವ ಯುರೇನಿಯಂ ಸಂಯುಕ್ತ ಬೇಕಿತ್ತು. ಶ್ಲೆಸಿಂಜರ್ ಮತ್ತು ಬ್ರೌನ್ ಯುರೇನಿಯಂ ಬೋರೋಹೈಡ್ರೈಡ್ ಮಾಡಿಕೊಟ್ಟರು. ಅಷ್ಟರಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡನ್ನು ಸಂಭಾಳಿಸುವುದು ಬೇರೆಯವರಿಗೆ ಬಂತು, ಇವರ ಪದಾರ್ಥ ಮೂಲೆಗೆ ಬಿತ್ತು. ಆದರೆ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್‌ಗೆ ಬಯಲಲ್ಲೇ ಹೈಡ್ರೋಜನ್ ಉತ್ಪಾದಿಸುವ ಪುಡಿ ಬೇಕಾಗಿತ್ತು. ಸೋಡಿಯಂ ಬೋರೋಹೈಡ್ರೈಡ್ ಆ ಕೆಲಸಕ್ಕೆ ಒಪ್ಪುತ್ತಿತ್ತು. ಮೀಥೈಲ್ ಬೋರೇಟ್ ಮತ್ತು ಸೋಡಿಯಂ ಹೈಡ್ರೈಡನ್ನು ಸುಮಾರು 250 ಡಿಗ್ರಿಯಲ್ಲಿ ಸೇರಿಸಿದರೆ ಅದು ಸಿಗುತ್ತಿತ್ತು. ಜೊತೆಗೆ ಸೋಡಿಯಂ ಮೆಥಾಕ್ಸೈಡ್ ಕೂಡ ಬೆರೆತಿರುತ್ತಿತ್ತು. ಎರಡನ್ನೂ ಬೇರ್ಪಡಿಸಲು ಒಂದು ದ್ರಾವಕ ಬೇಕು. ಒಂದೊಂದೇ ದ್ರಾವಕ ಹಾಕಿ ನೋಡುತ್ತಾ ಅಸಿಟೋನ್ ಸರದಿ ಬಂತು. ಹಾಕಿದ್ದೇ ತಡ, ಬಿಸಿಯೇರಿ ಜೋರಾಗಿ ಕ್ರಿಯೆ ನಡೆಯಿತು. ನೀರು ಬೆರೆಸಿ ನೋಡಿದರೆ ಉಳಿದದ್ದು ಐಸೋಪ್ರೊಪೈಲ್ ಆಲ್ಕೋಹಾಲ್. ದ್ರಾವಕವಾಗಿ ಅಸಿಟೋನ್ ಸೋತಿತು, ಆದರೆ ಕೀಟೋನನ್ನು ಆಲ್ಕೋಹಾಲ್ ಮಾಡುವ ಹೊಸ ಪುಡಿ ಸಿಕ್ಕಿತು.

ಯುದ್ಧದ ಗುಟ್ಟು ಅಂತ ಈ ಕೆಲಸ 1953ರವರೆಗೆ ಅಚ್ಚಾಗಲಿಲ್ಲ. ಅದೇ ಗುಂಪಿನಿಂದ ಬಂದ ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ 1947ರಲ್ಲೇ ಪ್ರಕಟವಾಗಿತ್ತು. ಅದಕ್ಕೇ ಇರಬೇಕು, ಹೆಸರು ಮಾಡಿದ್ದು ತಮ್ಮನೇ ಮೊದಲು. ಈ ತಮ್ಮ ಬಹಳ ಮುಂಗೋಪಿ. ಕೀಟೋನ್ ಮಾತ್ರ ಅಲ್ಲ, ಎಸ್ಟರ್, ಆಸಿಡ್ ಎಲ್ಲವನ್ನೂ ಆಲ್ಕೋಹಾಲ್ ಮಾಡಿಬಿಡುತ್ತದೆ. ನೀರು ಸೋಕಿದರೆ ಹೈಡ್ರೋಜನ್ ಉಗುಳಿ ಹೊತ್ತಿಕೊಳ್ಳುತ್ತದೆ. ಅಣ್ಣ ಬೋರೋಹೈಡ್ರೈಡ್ ಹಾಗಲ್ಲ. ನೀರಿನಲ್ಲಿ ನಿಧಾನಕ್ಕೆ ಕರಗಿ ಸುಮ್ನೆ ಗುಳ್ಳೆ ಬಿಡುತ್ತದೆ, ಸ್ವಲ್ಪ ಕ್ಷಾರ ಹಾಕಿದರೆ ಅದೂ ಕಡಿಮೆ. ಕೀಟೋನನ್ನು ಮುಟ್ಟುತ್ತದೆ, ಪಕ್ಕದಲ್ಲೇ ಇರುವ ಎಸ್ಟರನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ.

ಕಲಬುರಗಿಯಲ್ಲಿ 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆಯಿತು. ಆ ಹೊತ್ತಿಗೆ ಬೋರೋಹೈಡ್ರೈಡ್ ಜಗತ್ತಿನ ಲ್ಯಾಬುಗಳಲ್ಲಿ ದಿನನಿತ್ಯದ ಸಾಮಾನು. ಒಣ ಈಥರ್ ಬೇಡದ, ಮೆಥನಾಲ್‌ನಲ್ಲಿ ತೆರೆದ ಫ್ಲಾಸ್ಕಿನಲ್ಲೇ ನಡೆಯುವ ಈ ವಿಧಾನ ಬಿಸಿಲೂರಿಗೆ ಹೇಳಿ ಮಾಡಿಸಿದಂತಿದೆ.

ಆದರೂ ಬಿಸಿಲು ಪೂರ್ತಿ ಬಿಡುವುದಿಲ್ಲ. 1.82 ಗ್ರಾಂ ಬೆಂಜೊಫಿನೋನ್ ತಗೊಂಡರೆ ಅದು ಹತ್ತು ಮಿಲಿಮೋಲ್ (ಅಣುಗಳ ಎಣಿಕೆಯ ಅಳತೆ). ಬೋರೋಹೈಡ್ರೈಡ್‌ನ ಒಂದು ಅಣುವಿನಲ್ಲಿ ಕೀಟೋನ್‌ಗೆ ಕೊಡಬಲ್ಲ ಹೈಡ್ರೋಜನ್ (ಹೈಡ್ರೈಡ್) ನಾಲ್ಕು ಇರುವುದರಿಂದ ಲೆಕ್ಕದ ಪ್ರಕಾರ 95 ಮಿಲಿಗ್ರಾಂ ಸಾಕು. ಆದರೆ ಮೆಥನಾಲ್ ಕೂಡ ಅದನ್ನು ತಿನ್ನುತ್ತದೆ, ಫ್ಲಾಸ್ಕ್ ಬಿಸಿಯಾದಷ್ಟೂ ಜಾಸ್ತಿ ತಿನ್ನುತ್ತದೆ. ಐಸ್ ಬಾತ್ ಹತ್ತು ನಿಮಿಷಕ್ಕೆ ನೀರಾಗುವ ಲ್ಯಾಬಿನಲ್ಲಿ ಅರ್ಧ ಪುಡಿ ಗುಳ್ಳೆಯಾಗಿ ಹೋಗಬಹುದು. ಕ್ರಿಯೆ ಎಷ್ಟು ಮುಗಿದಿದೆ ಅಂತ ತೋರಿಸುವ ಟಿ.ಎಲ್.ಸಿ. ಪ್ಲೇಟನ್ನು ಯು.ವಿ. ದೀಪದ ಕೆಳಗೆ ಹಿಡಿದಾಗ ಮೇಲಿನ ಕೀಟೋನ್ ಚುಕ್ಕೆ ಹಾಗೇ ಇದ್ದರೆ ಕಾರಣ ಬಹಳ ಸಲ ಇದೇ. ಆಗ ಐಸ್ ಬದಲಿಸಿ ಇನ್ನಷ್ಟು ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಕೊನೆಗೆ ಕೆಳಗಿನ ಆಲ್ಕೋಹಾಲ್ ಚುಕ್ಕೆ ಮಾತ್ರ ಉಳಿಯುತ್ತದೆ. ಅಣುವಿನ ಬಂಧಗಳನ್ನು ಗುರುತಿಸುವ ಐ.ಆರ್. (ಇನ್‌ಫ್ರಾರೆಡ್) ಪರೀಕ್ಷೆಯಲ್ಲಿ 1660ರ ಹತ್ತಿರದ ಕೀಟೋನ್‌ನ ಚೂಪಾದ ಗೆರೆ ಮಾಯವಾಗಿ, 3300ರ ಸುತ್ತ ಆಲ್ಕೋಹಾಲ್‌ನ ಅಗಲವಾದ ಉಬ್ಬು ಬರುತ್ತದೆ. ಇನ್ನೊಂದು ಮಾತು: ಬೆಂಜೊಫಿನೋನ್ ಕರಗುವುದು 48 ಡಿಗ್ರಿಗೆ, ಶುದ್ಧವಿದ್ದರೆ. ಕಲಬೆರಕೆ ಆದರೆ ಅದಕ್ಕೂ ಮೊದಲೇ. ತಗಡಿನ ಚಾವಣಿಯ ಸ್ಟೋರ್ ರೂಮಿನಲ್ಲಿಟ್ಟ ಡಬ್ಬಿ ಮೇ ತಿಂಗಳಲ್ಲಿ ಒಳಗೇ ಕರಗಿ, ಮಳೆಗಾಲದಲ್ಲಿ ಕಲ್ಲಾಗಿ ಕೂತಿದ್ದರೆ ಆಶ್ಚರ್ಯ ಇಲ್ಲ.

ಬೋರೋಹೈಡ್ರೈಡ್ ಬಂದ ಮೇಲೂ ಒಂದು ತೊಡಕು ಉಳಿಯಿತು. ಅದು ಕೀಟೋನ್ ಮೇಲೆ ಎಡದಿಂದಲೂ ಬಲದಿಂದಲೂ ಸಮವಾಗಿ ದಾಳಿ ಮಾಡುತ್ತದೆ. ಹಾಗಾಗಿ ಕನ್ನಡಿಯ ಪ್ರತಿಬಿಂಬದಂತೆ ಇರುವ ಎಡಗೈ, ಬಲಗೈ ರೂಪಗಳು ಅರ್ಧರ್ಧ ಸಿಗುತ್ತವೆ. ಔಷಧಿಗೆ ಬಹಳ ಸಲ ಒಂದೇ ಕೈ ಬೇಕು. ಬೋರಾನ್ ಬಳಸಿಯೇ ಕೋರಿ, ಬಕ್ಷಿ, ಶಿಬಾಟಾ 1987ರಲ್ಲಿ ಒಂದು ದಾರಿ ತೋರಿದರು. ಜಪಾನಿನ ನೊಯೊರಿ ರುಥೇನಿಯಂ ಅನ್ನುವ ಲೋಹದ ವೇಗವರ್ಧಕದ ದಾರಿಗೆ 2001ರ ನೊಬೆಲ್ ಹಂಚಿಕೊಂಡರು. ಯೀಸ್ಟ್ ಮಾತ್ರ ಇವರೆಲ್ಲರಿಗಿಂತ ಹಳೆಯದು. ಸಕ್ಕರೆ ನೀರಿನಲ್ಲಿ ಬೇಕರಿ ಯೀಸ್ಟ್ ಕಲಸಿ ಈಥೈಲ್ ಅಸಿಟೋಅಸಿಟೇಟ್ ಅನ್ನುವ ಕೀಟೋನ್ ಹಾಕಿದರೆ ಹೆಚ್ಚಾಗಿ ಒಂದೇ ಕೈಯ ಆಲ್ಕೋಹಾಲ್ ಬರುತ್ತದೆ.

ಕಾರ್ಖಾನೆಯ ಮಟ್ಟದಲ್ಲಿ ಈಗ ಯೀಸ್ಟ್ ಬದಲು ಅದರಂಥ ಜೀವಿಗಳ ಕಿಣ್ವವನ್ನೇ ತಿದ್ದಿ ಬಳಸುತ್ತಾರೆ. ಆಸ್ತಮಾ ಮಾತ್ರೆ ಮಾಂಟೆಲುಕಾಸ್ಟ್ ತಯಾರಿಯಲ್ಲಿ ಒಂದು ಕೀಟೋನನ್ನು ಆಲ್ಕೋಹಾಲ್ ಮಾಡಬೇಕು. ಅದಕ್ಕೆ ಮೊದಲು ಬಳಸುತ್ತಿದ್ದದ್ದು ಬ್ರೌನ್ ಅವರದೇ ಲ್ಯಾಬಿನ ಇನ್ನೊಂದು ಬೋರಾನ್ ಪದಾರ್ಥ. ಅದರ ಜಾಗಕ್ಕೆ ಬಂದ ಕಿಣ್ವ ಹೈಡ್ರೋಜನ್ ಪಡೆಯುವುದು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ. ಹೊರಗೆ ಬರುವುದು ಅಸಿಟೋನ್, ಇಂಥ ಕಿಣ್ವದ ಕ್ರಿಯೆಗಳಲ್ಲಿ ಬಹಳ ಸಲ ಅದನ್ನು ಆವಿ ಮಾಡಿ ತೆಗೆಯುತ್ತಾರೆ. ಮೇರ್‌ವೈನ್ ಕಾಲದ ಅದೇ ಲೆಕ್ಕ.

ಇದು ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳ ಸುತ್ತಲಿನವರಿಗೂ ಸಂಬಂಧಪಟ್ಟ ವಿಷಯ. ಎರಡೂ ಕಡೆ ಔಷಧಿ, ರಾಸಾಯನಿಕ ಘಟಕಗಳಿವೆ, ವಾಸನೆಯ ದೂರು ಅಲ್ಲಿ ಹೊಸದಲ್ಲ. ಫ್ಲಾಸ್ಕಿನಲ್ಲಿ ಸಾಧುವಾದ ಬೋರೋಹೈಡ್ರೈಡ್ ಕಾರ್ಖಾನೆಯ ದೊಡ್ಡ ಪಾತ್ರೆಯಲ್ಲಿ, ಅಂದರೆ ರಿಯಾಕ್ಟರಿನಲ್ಲಿ ಹಾಗಿರುವುದಿಲ್ಲ. ಒಂದು ಕಿಲೋ ಪುಡಿ ಪೂರ್ತಿ ನೀರಿನೊಂದಿಗೆ ಕೂಡಿದರೆ 2,500 ಲೀಟರಿಗೂ ಜಾಸ್ತಿ ಹೈಡ್ರೋಜನ್ ಬರುತ್ತದೆ. ಕೊನೆಗೆ ಬೋರೇಟ್ ತುಂಬಿದ ನೀರು ಉಳಿಯುತ್ತದೆ, ಅದು ಹೊಲಕ್ಕೆ ಹರಿದರೆ ಬೆಳೆಗೆ ಒಳ್ಳೆಯದಲ್ಲ. ಬೋರಾನ್ ಗಿಡಕ್ಕೆ ಬೇಕಾದದ್ದು ಚೂರೇ ಚೂರು. ಕಿಣ್ವ ಬಳಸಿದರೆ ಬೋರಾನ್ ತಾಪತ್ರಯ ಇಲ್ಲ, ಆದರೆ ಅಸಿಟೋನ್ ಆವಿಯನ್ನು ತಣ್ಣಗೆ ಮಾಡಿ ಹಿಡಿಯಲೇಬೇಕು. ಕಡೇಚೂರಿನ ಬೇಸಿಗೆಯಲ್ಲಿ ಕೂಲಿಂಗ್ ಟವರಿನ ನೀರೇ 30 ಡಿಗ್ರಿ ಆಸುಪಾಸು ಇರುತ್ತದೆ. ಒತ್ತಡ ಇಳಿಸಿ ತೆಗೆದ ಅಸಿಟೋನ್ ಅಷ್ಟಕ್ಕೆ ಸರಿಯಾಗಿ ದ್ರವವಾಗುವುದಿಲ್ಲ, ನೀರನ್ನು ಇನ್ನೂ ತಣ್ಣಗೆ ಮಾಡುವ ಚಿಲ್ಲರ್ ಓಡಿಸಬೇಕು. ಚಿಲ್ಲರ್‌ಗೆ ಕರೆಂಟ್ ಬಿಲ್ ಬರುತ್ತದೆ. ಊರಿನವರು ಕಾರ್ಖಾನೆಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್‌ನಲ್ಲಿ ಓಡುತ್ತಿರುವುದು ಟವರ್ ನೀರೋ, ಚಿಲ್ಲರ್ ನೀರೋ?