30×40 ನಿವೇಶನದ ಮನೆಗೆ ಇಂಧನ ಸಂಹಿತೆ ಅನ್ವಯಿಸುತ್ತದೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ನಿವೇಶನದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ವಿದ್ಯುತ್ ಉಳಿಸುವ ಕಟ್ಟಡಗಳಿಗೆ ಸರ್ಕಾರದ ಸಂಹಿತೆ ಇದೆಯಂತೆ. ಅದು ನಮಗೂ ಅನ್ವಯಿಸುತ್ತದೆಯೇ? ಪಾಲಿಸಿದರೆ ಏನಾದರೂ ರಿಯಾಯಿತಿ ಉಂಟೇ?

ಉತ್ತರ: ಕಾನೂನಿನ ಲೆಕ್ಕದಲ್ಲಿ ಅನ್ವಯಿಸುವುದಿಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ವಸತಿ ಕಟ್ಟಡಗಳಿಗೆಂದೇ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತಾ’ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆಂದು ಬರೆದದ್ದು. ನಿಮ್ಮದು ಸುಮಾರು 111 ಚದರ ಮೀಟರ್. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಒಳಗೆ ಸೇರಿಸಿಕೊಂಡಿತು, ನಿಜ. ಆದರೆ ಅಲ್ಲಿನ ಮಿತಿ 100 ಕಿಲೋವಾಟ್ ವಿದ್ಯುತ್ ಸಂಪರ್ಕ. ಒಂಟಿ ಮನೆ ಅದರ ಹತ್ತಿರವೂ ಸುಳಿಯುವುದಿಲ್ಲ. ಮೇಲಾಗಿ ಇಂಥ ಸಂಹಿತೆ ದೆಹಲಿಯಲ್ಲಿ ಪ್ರಕಟವಾದರೆ ಸಾಲದು, ರಾಜ್ಯದ ಅಧಿಸೂಚನೆ ಮತ್ತು ಸ್ಥಳೀಯ ಕಟ್ಟಡ ಬೈಲಾಗಳ ಮೂಲಕ ಇಳಿದು ಬಂದಾಗಲೇ ನಕ್ಷೆ ಮಂಜೂರಾತಿಯ ಮೇಜಿಗೆ ತಲುಪುವುದು.

ನಮ್ಮ ಬಡಾವಣೆಗಳಲ್ಲಿ ಸಾಲುಸಾಲಾಗಿ ಏಳುತ್ತಿರುವುದು 30×40, 20×30 ಮನೆಗಳೇ. ಅವುಗಳನ್ನು ಹೊರಗಿಟ್ಟು ಬರೆದ ಸಂಹಿತೆ ಅರ್ಧ ಸಂಹಿತೆ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಅದನ್ನು ಪಕ್ಕಕ್ಕೆ ಸರಿಸಬೇಡಿ. ಅದರೊಳಗಿನ ಎರಡು ಅಂಕಿಗಳು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು ತಾರಸಿಯದು. ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಚಾವಣಿಯ ಮೂಲಕ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದಕ್ಕೆ ‘ಯು ಮೌಲ್ಯ’ ಎನ್ನುತ್ತಾರೆ. ಇದು 1.2 ಮೀರಬಾರದು ಎಂದು ಸಂಹಿತೆ ಹೇಳುತ್ತದೆ. ಆರು ಅಂಗುಲದ ಬರೀ ಆರ್‌ಸಿಸಿ ಚಾವಣಿಯದು ಮೂರಕ್ಕಿಂತ ಹೆಚ್ಚು! ಏಪ್ರಿಲ್ ತಿಂಗಳಲ್ಲಿ ಮೇಲಂತಸ್ತಿನ ಕೋಣೆ ರಾತ್ರಿ ಹತ್ತಾದರೂ ಕಾದೇ ಇರುವುದು ಇದರಿಂದಲೇ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಅದನ್ನು ಕೆಳಗೆ ಬಿಡುತ್ತದೆ, ಫ್ಯಾನು ಆ ಬಿಸಿಗಾಳಿಯನ್ನೇ ನಿಮ್ಮ ಮೇಲೆ ಸುರಿಯುತ್ತದೆ. ಚಾವಣಿಯ ಮೇಲೆ ಶಾಖನಿರೋಧಕ ಹಲಗೆ ಹಾಸಿ, ಅದರ ಮೇಲೆ ಗಾರೆ ಮತ್ತು ಟೈಲ್ಸ್ ಹಾಕಿಸಿದರೆ ಯು ಮೌಲ್ಯ ಮಿತಿಯೊಳಗೆ ಬರುತ್ತದೆ. ಬಿಳಿ ಬಣ್ಣ ಬಳಿದರೆ ಸಾಲದೇ ಎಂದು ಮೇಸ್ತ್ರಿ ಕೇಳಬಹುದು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆಯೇ ಹೊರತು ಯು ಮೌಲ್ಯವನ್ನು ಇಳಿಸುವುದಿಲ್ಲ. ಆದರೂ ಅಗ್ಗದ ಉಪಾಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ದೂಳು ಕೂತು ಮಾಸಿದಾಗ ಮತ್ತೆ ಬಳಿಯುವ ತಾಳ್ಮೆ ಇರಬೇಕು, ಅಷ್ಟೆ.

ಎರಡನೆಯದು ಕಿಟಕಿಯದು. ಬೆಂಗಳೂರು ಸೇರುವ ಸಮಶೀತೋಷ್ಣ ವಲಯದಲ್ಲಿ, ಮನೆಯ ಕಾರ್ಪೆಟ್ ವಿಸ್ತೀರ್ಣದ, ಅಂದರೆ ಗೋಡೆಗಳ ಒಳಗೆ ಬಳಕೆಗೆ ಸಿಗುವ ನೆಲದ, ಎಂಟನೇ ಒಂದು ಭಾಗದಷ್ಟಾದರೂ ಹೊರಗಾಳಿಗೆ ತೆರೆಯುವ ಜಾಗವಿರಬೇಕು. ಮಂಗಳೂರಿನಂಥ ಸೆಕೆಯ ಊರಿಗೆ ಇದು ಆರನೇ ಒಂದು ಭಾಗ. ಸಾವಿರ ಚದರ ಅಡಿಗೆ ನಿಮ್ಮ ಪಾಲಿಗೆ 125 ಚದರ ಅಡಿ. ಗಾಜಿನ ಅಳತೆ ಇಲ್ಲಿ ಲೆಕ್ಕಕ್ಕಿಲ್ಲ, ತೆರೆದಾಗ ಸಿಗುವ ಜಾಗ ಮಾತ್ರ ಲೆಕ್ಕ. ಈಗ ಎಲ್ಲರೂ ಹಾಕಿಸುವ ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಎಷ್ಟು ಸರಿಸಿದರೂ ಅರ್ಧವೇ ತೆರೆಯುತ್ತದೆ. ಪೂರ್ತಿ ತೆರೆಯುವ ಹಳೆಯ ಬಗೆಯ ಕದಗಳೇ ಮೇಲು. ಪಶ್ಚಿಮಕ್ಕೆ ದೊಡ್ಡ ಗಾಜು ಬೇಡ. ಸಂಜೆಯ ಓರೆ ಬಿಸಿಲು ಸಜ್ಜೆಯ ಕೆಳಗಿನಿಂದಲೇ ಒಳಗೆ ನುಗ್ಗುತ್ತದೆ, ಸಜ್ಜೆ ಎಷ್ಟು ಚಾಚಿದ್ದರೂ ಪ್ರಯೋಜನ ಕಡಿಮೆ. ದಕ್ಷಿಣದ ಕಿಟಕಿಗಾದರೆ ಸಾಧಾರಣ ಸಜ್ಜೆ ಸಾಕು.

ಸಂಹಿತೆ ಮುಟ್ಟದ ವಿಷಯವೂ ಒಂದಿದೆ. ಸಿಮೆಂಟು, ಸುಟ್ಟ ಇಟ್ಟಿಗೆಗಳ ತಯಾರಿಕೆಯಲ್ಲೇ ಹೊರಬೀಳುವ ಇಂಗಾಲಕ್ಕೆ 2018ರ ಆ ಸಂಹಿತೆ ಮಿತಿ ಹಾಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಸಂಶೋಧನೆ ನಡೆದಿರುವ, ಗೂಡಿನಲ್ಲಿ ಸುಡಬೇಕಿಲ್ಲದ ಸ್ಥಿರೀಕೃತ ಮಣ್ಣಿನ ಇಟ್ಟಿಗೆ (ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡಿದ್ದು) ಬೆಂಗಳೂರಿನಲ್ಲೇ ಸಿಗುತ್ತದೆ, ವಿಚಾರಿಸಿ.

ಇನ್ನು ರಿಯಾಯಿತಿ. ಸಂಹಿತೆ ಪಾಲಿಸಿದ್ದಕ್ಕೆಂದು ಒಂಟಿ ಮನೆಗೆ ಹಣ ಕೊಡುವ ಯೋಜನೆಯನ್ನು ನಂಬಿ ಕೂರಬೇಡಿ. ಸೋಲಾರ್‌ನ ಮಾತು ಬೇರೆ. ರಾಜ್ಯದ ನಗರಗಳಲ್ಲಿ 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂದು 2007ರಲ್ಲೇ ಆದೇಶವಾಗಿದೆ. ಅದಕ್ಕೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಬಿಟ್ಟುಕೊಡುವ ಪದ್ಧತಿಯಿದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ತಾರಸಿಯ ಸೋಲಾರ್ ಫಲಕಗಳಿಗೆ 2 ಕಿಲೋವಾಟ್‌ಗೆ 60 ಸಾವಿರ, 3 ಕಿಲೋವಾಟ್ ಹಾಗೂ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಗಿದೆ. ರಾಜ್ಯದ ಗೃಹಜ್ಯೋತಿಯಲ್ಲಿ ಸರಾಸರಿ ಬಳಕೆಗೆ ತಕ್ಕಂತೆ ಗರಿಷ್ಠ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದಿರುವಾಗ ಫಲಕ ಯಾಕೆ ಎಂದು ಮನೆಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಒಂದು ಯೋಜನೆ ಇನ್ನೊಂದರ ಕಾಲೆಳೆಯುವುದೆಂದರೆ ಇದೇ. ಹೀಗಾಗಿ ಕೈಯಲ್ಲಿರುವ ಹಣ ಒಂದಕ್ಕೇ ಸಾಕಾಗುವುದಾದರೆ ಮೊದಲು ತಾರಸಿಯ ಶಾಖನಿರೋಧಕ್ಕೆ ಹಾಕಿ. ಫಲಕವನ್ನು ಐದು ವರ್ಷ ಬಿಟ್ಟಾದರೂ ಕೂರಿಸಬಹುದು, ಟೈಲ್ಸ್ ಹಾಕಿದ ತಾರಸಿಯನ್ನು ಮತ್ತೆ ಅಗೆಸುವುದು ಇಮ್ಮಡಿ ಖರ್ಚು.