ಗಾಜಿನ ಹಾಳೆಯ ಅಳತೆಯಲ್ಲಿ ಎದ್ದ ಅರಮನೆ

1850ರ ಜುಲೈ 30ರಂದು ಲಂಡನ್ನಿನ ಹೈಡ್ ಪಾರ್ಕಿನ ಒಂದು ಭಾಗವನ್ನು ಗುತ್ತಿಗೆದಾರರ ವಶಕ್ಕೆ ಕೊಟ್ಟಾಗ ಅಲ್ಲಿದ್ದದ್ದು ಹುಲ್ಲು ಮತ್ತು ಮರಗಳು. 1851ರ ಮೇ 1ರಂದು ಅದೇ ನೆಲದ ಮೇಲೆ 19 ಎಕರೆ ವ್ಯಾಪಿಸಿದ, 1,848 ಅಡಿ ಉದ್ದದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಕಟ್ಟಡದೊಳಗೆ ವಿಕ್ಟೋರಿಯಾ ರಾಣಿ ಜಗತ್ತಿನ ಮೊದಲ ವಿಶ್ವ ಮೇಳವನ್ನು ಉದ್ಘಾಟಿಸಿದರು. ನಡುವೆ ಇದ್ದದ್ದು ಒಂಬತ್ತು ತಿಂಗಳು. ಉಕ್ಕಿನ ಕಟ್ಟಡಗಳ ವಿನ್ಯಾಸ ನನ್ನ ವೃತ್ತಿ. ಇಂದಿನ ಕ್ರೇನುಗಳು, ಕಂಪ್ಯೂಟರುಗಳು ಎಲ್ಲ ಕೈಯಲ್ಲಿದ್ದರೂ ಅಂಥ ಗಡುವಿಗೆ ಸಹಿ ಹಾಕುವ ಮುನ್ನ ನಾನು ಬಹಳ ಯೋಚಿಸುತ್ತೇನೆ.

ಕ್ರಿಸ್ಟಲ್ ಪ್ಯಾಲೇಸ್ ಅಷ್ಟು ಬೇಗ ಎದ್ದದ್ದು ಹೇಗೆ ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದರೆ, ಕಬ್ಬಿಣ ಮತ್ತು ಗಾಜು ಬಳಸಿದ್ದರಿಂದ ಎನ್ನುತ್ತಾರೆ. ಅದು ಅರ್ಧ ಉತ್ತರ. ಕಬ್ಬಿಣ, ಗಾಜು ಎರಡೂ ಅಷ್ಟರಲ್ಲಾಗಲೇ ರೈಲು ನಿಲ್ದಾಣಗಳಲ್ಲಿ, ಸಸ್ಯಗೃಹಗಳಲ್ಲಿ ಬಳಕೆಗೆ ಬಂದಿದ್ದವು. ಹೊಸದಾಗಿದ್ದದ್ದು ಬೇರೆ: ಮೊದಲ ಕಂಬ ನಿಲ್ಲುವ ಮುನ್ನವೇ ಕಟ್ಟಡದ ಪ್ರತಿಯೊಂದು ಅಳತೆಯನ್ನೂ ಜೋಡಣೆಯನ್ನೂ ನಿರ್ಧರಿಸಿ, ಆಮೇಲೆ ಆ ನಿರ್ಧಾರಕ್ಕೆ ಕೊನೆಯವರೆಗೂ ಅಂಟಿಕೊಂಡದ್ದು. ಮೇಳದಲ್ಲಿ ಪ್ರದರ್ಶನಕ್ಕಿದ್ದ ಲಕ್ಷಕ್ಕೂ ಹೆಚ್ಚು ವಸ್ತುಗಳಿಗಿಂತ ಈ ಶಿಸ್ತೇ ಆ ಮೇಳದ ದೊಡ್ಡ ಕೊಡುಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆರಂಭ ಮಾತ್ರ ಚೆನ್ನಾಗಿರಲಿಲ್ಲ. ರಾಣಿಯ ಪತಿ ಪ್ರಿನ್ಸ್ ಆಲ್ಬರ್ಟ್ ಮತ್ತು ಸರ್ಕಾರಿ ಅಧಿಕಾರಿ ಹೆನ್ರಿ ಕೋಲ್ ಅವರ ಉತ್ಸಾಹದಿಂದ 1850ರ ಜನವರಿಯಲ್ಲಿ ರಾಜ ಆಯೋಗವೊಂದು ರಚನೆಯಾಯಿತು. ಕಟ್ಟಡಕ್ಕಾಗಿ ನಡೆದ ಸ್ಪರ್ಧೆಗೆ 245 ವಿನ್ಯಾಸಗಳು ಬಂದವು. ಕಟ್ಟಡ ಸಮಿತಿಗೆ ಒಂದೂ ಒಪ್ಪಿಗೆಯಾಗಲಿಲ್ಲ. ಬ್ರುನೆಲ್, ರಾಬರ್ಟ್ ಸ್ಟೀಫನ್‌ಸನ್‌ರಂಥ ಘಟಾನುಘಟಿ ಎಂಜಿನಿಯರುಗಳಿದ್ದ ಆ ಸಮಿತಿ ತಾನೇ ಒಂದು ನಕ್ಷೆ ಬರೆಯಿತು. ಕೋಟಿಗೂ ಮೀರಿದ ಇಟ್ಟಿಗೆ, ಮೇಲೆ ಬ್ರುನೆಲ್ ಕಲ್ಪಿಸಿದ 200 ಅಡಿ ವ್ಯಾಸದ ಕಬ್ಬಿಣದ ಗುಮ್ಮಟ. ಅಷ್ಟು ಇಟ್ಟಿಗೆ ಸುಟ್ಟು, ಕಟ್ಟಿ, ಗಾರೆ ಒಣಗುವಷ್ಟು ಸಮಯವೇ ಇರಲಿಲ್ಲ. ತಮ್ಮ ಉದ್ಯಾನದಲ್ಲಿ ಇಷ್ಟು ದೊಡ್ಡ ಇಟ್ಟಿಗೆಯ ರಾಶಿ ಶಾಶ್ವತವಾಗಿ ಕೂರುತ್ತದೆ ಎಂದು ಜನರೂ ಪತ್ರಿಕೆಗಳೂ ಸಿಟ್ಟಾದರು.

ಆಗ ಮುಂದೆ ಬಂದವರು ಜೋಸೆಫ್ ಪ್ಯಾಕ್ಸ್‌ಟನ್. ಅವರು ವಾಸ್ತುಶಿಲ್ಪಿಯಲ್ಲ, ಎಂಜಿನಿಯರ್ ಪದವಿಯೂ ಇಲ್ಲ. ಡೆವನ್‌ಷೈರ್ ಡ್ಯೂಕರ ಚಾಟ್ಸ್‌ವರ್ತ್ ಎಸ್ಟೇಟಿನ ಮುಖ್ಯ ತೋಟಗಾರರು. ದಕ್ಷಿಣ ಅಮೆರಿಕದ ದೈತ್ಯ ನೈದಿಲೆಗಾಗಿ ಅವರು ಆಗಷ್ಟೇ ಚಪ್ಪಟೆ ಚಾವಣಿಯ ಗಾಜಿನ ಮನೆಯೊಂದನ್ನು ಕಟ್ಟಿದ್ದರು. 1850ರ ಜೂನ್ 11ರಂದು ಡರ್ಬಿಯಲ್ಲಿ ನಡೆದ ರೈಲ್ವೆ ಕಂಪನಿಯ ಸಭೆಯೊಂದರಲ್ಲಿ ಕುಳಿತು, ಶಾಯಿ ಹೀರುವ ಒಂದು ಒತ್ತುಕಾಗದದ ಮೇಲೆ ಅವರು ಕಟ್ಟಡದ ಕಚ್ಚಾ ಚಿತ್ರ ಗೀಚಿದರು. ಆ ಕಾಗದ ಈಗಲೂ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಒಂದು ಅಡ್ಡಕೊಯ್ತ, ಒಂದು ಮುಂಭಾಗ, ಇಷ್ಟೇ. ಆದರೆ ಕಂಬ, ತೊಲೆ, ಚಾವಣಿ ಒಂದರ ಮೇಲೊಂದು ಹೇಗೆ ಕೂರುತ್ತವೆ ಎಂಬುದು ಆ ಗೀಚಿನಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ಈಗ ಅಳತೆಯ ಲೆಕ್ಕಕ್ಕೆ ಬರೋಣ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಬರ್ಮಿಂಗ್‌ಹ್ಯಾಮ್ ಬಳಿಯ ಚಾನ್ಸ್ ಬ್ರದರ್ಸ್ ಕಾರ್ಖಾನೆಯಿಂದ ಆ ಕಾಲಕ್ಕೆ ಭಾರಿ ಸಂಖ್ಯೆಯಲ್ಲಿ ಸಿಗುತ್ತಿದ್ದ ದೊಡ್ಡ ಗಾಜಿನ ಹಾಳೆಯ ಉದ್ದ 49 ಅಂಗುಲ, ಅಗಲ 10 ಅಂಗುಲ. ಬಾಯಿಂದ ಊದಿ ಕೊಳವೆಯಾಗಿಸಿ, ಸೀಳಿ, ಹರಡಿ ಮಾಡುತ್ತಿದ್ದ ಗಾಜು ಅದು. ಅಂಥ ಎರಡು ಹಾಳೆಗಳನ್ನು ಎದುರುಬದುರು ಇಳಿಜಾರಾಗಿ ನಿಲ್ಲಿಸಿದರೆ ಸುಮಾರು 8 ಅಡಿ ಅಗಲದ ಒಂದು ಸಣ್ಣ ಮಾಡು ಆಗುತ್ತದೆ. ಮೂರು ಮಾಡು ಸೇರಿದರೆ 24 ಅಡಿ. ಹಾಗಾಗಿ ಕಂಬದಿಂದ ಕಂಬಕ್ಕೆ 24 ಅಡಿ. ದೊಡ್ಡ ಹಜಾರಗಳು ಬೇಕಾದಲ್ಲಿ ಅದರ ಎರಡರಷ್ಟು 48, ಮೂರರಷ್ಟು 72. ಇಡೀ ಕಟ್ಟಡದ ಉದ್ದ 1,848 ಅಡಿ ಎಂದೆನಲ್ಲ, ಅದನ್ನು 24ರಿಂದ ಭಾಗಿಸಿದರೆ ಶೇಷವಿಲ್ಲದೆ 77 ಬರುತ್ತದೆ. ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತ ಕೆಲಸಗಾರ ಎಷ್ಟು ದೊಡ್ಡ ಗಾಜನ್ನು ಊದಬಲ್ಲ ಎಂಬುದೇ ಕೊನೆಗೆ ಅರಮನೆಯ ಉದ್ದಗಲವನ್ನು ನಿರ್ಧರಿಸಿತು.

ಕಂಬಗಳ ವಿಷಯದಲ್ಲೂ ಇದೇ ಎಚ್ಚರ. ಸುಮಾರು 3,300 ಎರಕದ ಕಬ್ಬಿಣದ ಕಂಬಗಳ ಹೊರವ್ಯಾಸ ಎಲ್ಲ ಕಡೆ ಒಂದೇ, 8 ಅಂಗುಲ. ಹೆಚ್ಚು ಭಾರ ಬೀಳುವ ಕಡೆ ಒಳಗಿನ ದಪ್ಪವನ್ನು ಮಾತ್ರ ಹೆಚ್ಚಿಸಿದರು. ಹೊರಗಿನ ಅಳತೆ ಬದಲಾಗದ ಕಾರಣ, ಅದಕ್ಕೆ ಸೇರುವ ಗರ್ಡರುಗಳನ್ನು, ಅಂದರೆ ಅಡ್ಡತೊಲೆಗಳನ್ನು, ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಬಹುದಾಗಿತ್ತು. ಯಾವ ಗರ್ಡರನ್ನು ಯಾವ ಕಂಬಕ್ಕೆ ಸೇರಿಸಿದರೂ ನಡೆಯುತ್ತಿತ್ತು. ಕಂಬ ಟೊಳ್ಳು, ಆದ್ದರಿಂದ ಅದೇ ಮಳೆನೀರು ಇಳಿಯುವ ಕೊಳವೆ. ಚಾವಣಿಯ ತಗ್ಗುಗಳಲ್ಲಿ ಹಾದುಹೋಗುವ, ನೀರು ಹರಿಯುವ ಮರದ ದೋಣಿಗಳು ಇನ್ನೂ ಜಾಣ್ಮೆಯವು. ಮೇಲ್ಭಾಗದ ಕೊರಕಲಿನಲ್ಲಿ ಮಳೆನೀರು ಹರಿದರೆ, ಅಕ್ಕಪಕ್ಕದ ಸಣ್ಣ ಕೊರಕಲುಗಳಲ್ಲಿ ಗಾಜಿನ ಒಳಮೈಯಿಂದ ಇಳಿಯುವ ತೇವದ ಹನಿಗಳು ಹರಿಯುತ್ತಿದ್ದವು. ದೋಣಿಯ ಅಡಿಗೆ ಒಂದು ಕಬ್ಬಿಣದ ಸಲಾಕೆ ಬಿಗಿದು ನಡುಭಾಗವನ್ನು ತುಸು ಮೇಲಕ್ಕೆ ಬಾಗಿಸಿದ್ದರು. ಅದರಿಂದ ನೀರು ಎರಡೂ ತುದಿಗೆ ಇಳಿದು, ಅಲ್ಲಿನ ದೊಡ್ಡ ದೋಣಿಗಳ ಮೂಲಕ ಕಂಬದೊಳಗೆ ಹೋಗುತ್ತಿತ್ತು. ಒಂದೇ ಮರದ ತುಂಡು ತೊಲೆಯೂ ಆಗಿ, ಎರಡು ಬಗೆಯ ನೀರಿಗೆ ದಾರಿಯೂ ಆಗಿ, ಕೆಲಸದ ಸಮಯದಲ್ಲಿ ಹಳಿಯೂ ಆಗಿತ್ತು. ಹಳಿ ಏಕೆಂದರೆ, ಗಾಜು ಕೂರಿಸುವವರು ಚಕ್ರದ ಗಾಡಿಯಲ್ಲಿ ಕುಳಿತು ಇದೇ ದೋಣಿಗಳ ಮೇಲೆ ಉರುಳುತ್ತಾ ಸಾಗುತ್ತಿದ್ದರು. ಚಾವಣಿಗೆ ಸಾರುವೆ ಕಟ್ಟುವ ಪ್ರಮೇಯವೇ ಬರಲಿಲ್ಲ. ಎಂಬತ್ತು ಜನ ಒಂದು ವಾರದಲ್ಲಿ 18,000ಕ್ಕೂ ಹೆಚ್ಚು ಹಾಳೆಗಳನ್ನು ಕೂರಿಸಿದ ದಾಖಲೆ ಇದೆ. ಒಟ್ಟು ಹಾಳೆಗಳು ಹತ್ತಿರಹತ್ತಿರ ಮೂರು ಲಕ್ಷ.

ಪ್ಯಾಕ್ಸ್‌ಟನ್ ಹೆಸರಿನ ನೆರಳಲ್ಲಿ ಮರೆಯಾಗಿಬಿಡುವವರು ಗುತ್ತಿಗೆ ಸಂಸ್ಥೆ ಫಾಕ್ಸ್ ಹೆಂಡರ್ಸನ್ನಿನ ಚಾರ್ಲ್ಸ್ ಫಾಕ್ಸ್. ಕಲ್ಪನೆಯನ್ನು ಕಾಮಗಾರಿ ನಕ್ಷೆಗಳಾಗಿ ಮಾಡಿದವರು ಅವರು. ದಿನಕ್ಕೆ ಹದಿನೆಂಟು ಗಂಟೆಯಂತೆ ಏಳು ವಾರ ದುಡಿದು ನಕ್ಷೆಗಳನ್ನು ಬರೆದರು ಎಂದು ದಾಖಲಾಗಿದೆ. ಸೆಪ್ಟೆಂಬರ್ 26ರವರೆಗೆ ಒಂದು ಕಂಬವೂ ಎದ್ದಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಂಬತ್ತು ತಿಂಗಳ ಗಡುವಿನಲ್ಲಿ ಸುಮಾರು ಎರಡು ತಿಂಗಳು ಹೋದದ್ದು ನಕ್ಷೆಗೆ, ಎರಕದ ಅಚ್ಚಿಗೆ, ಅಡಿಪಾಯಕ್ಕೆ. ನನ್ನ ಬಳಿಗೆ ಬರುವ ಗ್ರಾಹಕರಲ್ಲಿ ಅನೇಕರಿಗೆ ಈ ಎರಡು ತಿಂಗಳು ಎಂದರೆ ಕೆಲಸ ನಿಂತಂತೆ. ಸೈಟಿನಲ್ಲಿ ಗುಂಡಿ ತೋಡುವ ಸದ್ದು ಕೇಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಜೋಡಣೆಯ ನಕ್ಷೆ ಮುಗಿಯುವ ಮುನ್ನ ಕಂಬ ನಿಲ್ಲಿಸಿ, ಆಮೇಲೆ ಬೋಲ್ಟಿನ ತೂತು ಕೂಡದೆ ಗ್ಯಾಸ್ ಹಿಡಿದು ಕೊರೆಯುವ ದೃಶ್ಯ ನಮ್ಮ ಕಡೆ ಅಪರೂಪವಲ್ಲ. ಹಾಗೆ ಕೊರೆದ ಪ್ರತಿ ತೂತೂ ಕಟ್ಟಡದ ಬಲವನ್ನು ತಿನ್ನುತ್ತದೆ, ವಾರಗಳನ್ನೂ ತಿನ್ನುತ್ತದೆ.

ಬೋಲ್ಟು ಎಂದಾಗ ಇನ್ನೊಂದು ಸಂಗತಿ. 1841ರಲ್ಲಿ ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ತಿರುಪಿನ ಎಳೆಗಳಿಗೆ ಒಂದು ಪ್ರಮಾಣಿತ ಅಳತೆಯನ್ನು ಸೂಚಿಸಿದ್ದರು. ಅದುವರೆಗೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುವ ಖಾತರಿ ಇರಲಿಲ್ಲ. ಸಂಶೋಧಕರು ಉಳಿದುಕೊಂಡಿದ್ದ ಹಳೆಯ ಬೋಲ್ಟುಗಳನ್ನು ಅಳೆದು, ಕ್ರಿಸ್ಟಲ್ ಪ್ಯಾಲೇಸ್ ವಿಟ್‌ವರ್ತ್ ಅಳತೆಯನ್ನು ಬಳಸಿದ ಕಟ್ಟಡಗಳಲ್ಲಿ ಗೊತ್ತಿರುವಂತೆ ಅತ್ಯಂತ ಹಳೆಯದು ಎಂದು 2024ರಲ್ಲಿ ತೋರಿಸಿಕೊಟ್ಟರು. ಅದನ್ನು ಓದಿದ ದಿನ ನನಗಾದ ಸಂತೋಷ ಹೇಳತೀರದು.

ಭದ್ರತೆಯ ಬಗ್ಗೆ ಅನುಮಾನಪಟ್ಟವರೂ ಸಾಮಾನ್ಯರಲ್ಲ. ಗ್ರೀನಿಚ್ ವೀಕ್ಷಣಾಲಯದ ಖಗೋಳ ವಿಜ್ಞಾನಿ ಜಾರ್ಜ್ ಏರಿಯವರೇ ಇದು ನಿಲ್ಲುವುದಿಲ್ಲ ಎಂದಿದ್ದರು. ಅದಕ್ಕೆ ಉತ್ತರ ಪರೀಕ್ಷೆಯ ಮೂಲಕ ಬಂತು. ಎರಕದ ಗರ್ಡರುಗಳನ್ನು ಸೈಟಿನಲ್ಲೇ ಒಂದೊಂದಾಗಿ ತೂಗಿ, ನೀರಿನ ಒತ್ತಡದ ಯಂತ್ರದಲ್ಲಿ ಭಾರ ಹೇರಿ ನೋಡಿದ ಮೇಲಷ್ಟೇ ಮೇಲಕ್ಕೆತ್ತುತ್ತಿದ್ದರು. ಉಪ್ಪರಿಗೆಯ ಮಾದರಿಯ ಮೇಲೆ ಕೆಲಸಗಾರರನ್ನು ಒಟ್ಟಾಗಿ ಕುಣಿಸಿದರು, ಸೈನಿಕರನ್ನು ಹೆಜ್ಜೆ ಕೂಡಿಸಿ ನಡೆಸಿದರು, ಫಿರಂಗಿ ಗುಂಡುಗಳನ್ನು ಚೌಕಟ್ಟಿನಲ್ಲಿ ತುಂಬಿ ಉರುಳಿಸಿದರು. ಜನಸಂದಣಿ ಲಯಬದ್ಧವಾಗಿ ಚಲಿಸಿದಾಗ ನೆಲ ಹೇಗೆ ತೂಗುತ್ತದೆ ಎಂಬ ಪ್ರಶ್ನೆ ಇಂದಿಗೂ ಕಾಲ್ಸೇತುವೆ, ಸಭಾಂಗಣಗಳ ವಿನ್ಯಾಸದಲ್ಲಿ ನಮ್ಮನ್ನು ಕಾಡುತ್ತದೆ.

ದೋಷಗಳಿರಲಿಲ್ಲವೆಂದಲ್ಲ. ಚಾವಣಿ ಅಲ್ಲಲ್ಲಿ ಸೋರುತ್ತಿತ್ತು. ಬೇಸಿಗೆಯ ದಿನಗಳಲ್ಲಿ ಬಟ್ಟೆ ಹೊದಿಸಿದರೂ ಒಳಗೆ ಸೆಕೆ. ಆದರೂ ಅಕ್ಟೋಬರದವರೆಗೆ 60 ಲಕ್ಷ ಭೇಟಿಗಳಾದವು. ಒಂದು ಶಿಲ್ಲಿಂಗ್ ಟಿಕೆಟ್ಟಿನ ದಿನಗಳಲ್ಲಿ ಕೂಲಿಕಾರರ ಕುಟುಂಬಗಳು ರೈಲು ಹತ್ತಿ ಬಂದವು. ಜಾರ್ಜ್ ಜೆನ್ನಿಂಗ್ಸ್ ಅಳವಡಿಸಿದ ಶೌಚಾಲಯಗಳನ್ನು ಒಂದು ಪೆನ್ನಿ ಕೊಟ್ಟು ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಬಳಸಿದರು. ಜನ ಸೇರುವ ಕಡೆ ಶೌಚಾಲಯ ಬೇಕೇ ಬೇಕು ಎಂಬ ತಿಳಿವಳಿಕೆಗೆ ಇದು ದೊಡ್ಡ ಬಲ ಕೊಟ್ಟಿತು.

ಭಾರತದ ವಿಭಾಗದ ಬಗ್ಗೆ ನಾನು ಮೆಚ್ಚುಗೆಯೊಂದನ್ನೇ ಬರೆಯಲಾರೆ. ಈಸ್ಟ್ ಇಂಡಿಯಾ ಕಂಪನಿ ಇಲ್ಲಿಂದ ಕೊಂಡೊಯ್ದ ನೇಯ್ಗೆ, ಕುಸುರಿ, ಆಭರಣಗಳನ್ನು ಕಂಡು ಕಟ್ಟಡಕ್ಕೆ ಬಣ್ಣದ ಯೋಜನೆ ಮಾಡಿದ್ದ ಓವನ್ ಜೋನ್ಸ್‌ರಂಥವರು ಬೆರಗಾದರು. ಯುರೋಪಿನ ಯಂತ್ರದ ಸರಕಿಗಿಂತ ಇವುಗಳ ಅಲಂಕರಣ ಶ್ರೇಷ್ಠ ಎಂದರು. ಅದೇ ಹೊತ್ತಿಗೆ ಲ್ಯಾಂಕಾಷೈರಿನ ಗಿರಣಿ ಬಟ್ಟೆಯಿಂದ ನಮ್ಮ ನೇಕಾರರ ಮಗ್ಗಗಳು ನಿಲ್ಲುತ್ತಿದ್ದವು. 1849ರಲ್ಲಿ ಬಾಲಕ ದುಲೀಪ್ ಸಿಂಗನಿಂದ ಕಿತ್ತುಕೊಂಡ ಕೊಹಿನೂರ್ ವಜ್ರವನ್ನು ಕಬ್ಬಿಣದ ಪಂಜರದೊಳಗೆ ಇಟ್ಟಿದ್ದರು. ಅಂಬಾರಿ ತೋರಿಸಲು ಆನೆ ಬೇಕಾದಾಗ ಇಂಗ್ಲೆಂಡಿನ ಸಣ್ಣ ಊರಿನ ವಸ್ತುಸಂಗ್ರಹಾಲಯದಿಂದ ಹುಲ್ಲು ತುಂಬಿದ ಆನೆಯೊಂದನ್ನು ತಂದರು. ನೇಯ್ದವರ, ಕೆತ್ತಿದವರ ಹೆಸರುಗಳಿಗೆ ಅಲ್ಲಿ ಜಾಗ ಸಿಗಲಿಲ್ಲವೆಂಬ ನೋವು ನನ್ನಲ್ಲಿ ಉಳಿದಿದೆ.

ಇನ್ನು ಟೆಂಡರಿನ ಒಂದು ಷರತ್ತು. ಮೇಳ ಮುಗಿದ ಮೇಲೆ ಬಿಡಿಭಾಗಗಳು ಗುತ್ತಿಗೆದಾರರಿಗೇ ಸೇರುವುದಾದರೆ 79,800 ಪೌಂಡ್, ಕಟ್ಟಡ ಆಯೋಗಕ್ಕೇ ಉಳಿಯುವುದಾದರೆ 1,50,000 ಪೌಂಡ್. ಬಿಚ್ಚಿದಾಗ ಸಿಗುವ ಬೆಲೆಯನ್ನು ಕಟ್ಟುವಾಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಸೈಟಿನ ಸುತ್ತ ಹಾಕಿದ್ದ ಬೇಲಿಯ ಹಲಗೆಗಳನ್ನೇ ಕೊನೆಗೆ ಒಳಗಿನ ನೆಲಕ್ಕೆ ಹಾಸಿದರು. ಮುಂದಿನ ಮೇಳಗಳಲ್ಲಿ ಈ ವಿವೇಕ ಎಷ್ಟೋ ಬಾರಿ ಕಾಣೆಯಾಯಿತು. 1889ರ ಪ್ಯಾರಿಸ್ ಮೇಳದಲ್ಲಿ ನೂರು ಮೀಟರಿಗೂ ಮೀರಿ ಚಾಚಿದ್ದ ಯಂತ್ರಗಳ ಸಭಾಂಗಣವನ್ನು 1910ರಲ್ಲಿ ಕೆಡವಿದರು. ನಮ್ಮ ವೃತ್ತಿಗೆ ಆದ ದೊಡ್ಡ ನಷ್ಟಗಳಲ್ಲಿ ಅದೂ ಒಂದು.

ಹೈಡ್ ಪಾರ್ಕಿನ ಭಾಗಗಳು 1854ರಲ್ಲಿ ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮಿನಲ್ಲಿ ಇನ್ನೂ ದೊಡ್ಡದಾಗಿ ಎದ್ದವು. ಹಾಗೆ ಎಬ್ಬಿಸುವಾಗ 1853ರಲ್ಲಿ ಸಾರುವೆ ಕುಸಿದು ಹನ್ನೆರಡು ಕೆಲಸಗಾರರು ಸತ್ತರು. ಆ ಕಟ್ಟಡ ಸಾಲದಲ್ಲೇ ಬದುಕಿ 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಆದರೆ ಕಟ್ಟುವ ಕ್ರಮ ಉಳಿಯಿತು. ಇಟ್ಟಿಗೆಯ ವಿನ್ಯಾಸದಲ್ಲಿ ಸೋತ ಬ್ರುನೆಲ್ ತಮ್ಮ ಪ್ಯಾಡಿಂಗ್ಟನ್ ರೈಲು ನಿಲ್ದಾಣಕ್ಕೆ ಅದೇ ಗುತ್ತಿಗೆದಾರರನ್ನು ಕರೆದು, ಪ್ಯಾಕ್ಸ್‌ಟನ್ ಮಾದರಿಯ ಗಾಜಿನ ಚಾವಣಿ ಹಾಕಿಸಿದರು. ಆ ದೊಡ್ಡ ಮನಸ್ಸಿಗೆ ನಾನು ತಲೆಬಾಗುತ್ತೇನೆ. ಲಾಲ್‌ಬಾಗಿನ ಗಾಜಿನ ಮನೆಯೂ ಈ ವಂಶದ್ದೇ. 1889ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟ ಪ್ರಿನ್ಸ್ ಆಲ್ಬರ್ಟ್ ವಿಕ್ಟರ್, 1851ರ ಮೇಳಕ್ಕೆ ಬೆನ್ನೆಲುಬಾಗಿದ್ದ ಆಲ್ಬರ್ಟರ ಮೊಮ್ಮಗ. ಭಾಗಗಳು ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಎರಕಶಾಲೆಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳಿಗೂ ಅದೇ ಎರಕಶಾಲೆ ಮೂಲ. ಸಾವಿರಾರು ಮೈಲಿ ಆಚೆ ಎರಕಗೊಂಡ ಭಾಗ ಇಲ್ಲಿಗೆ ಬಂದು ಸರಿಯಾಗಿ ಕೂರಬೇಕಾದರೆ ಮೊದಲೇ ಒಪ್ಪಿಕೊಂಡ ಅಳತೆ ಬೇಕು.

ಮೇಳ ಸುಮಾರು 1,86,000 ಪೌಂಡ್ ಲಾಭ ತಂದಿತು. ಆಯೋಗ ಅದನ್ನು ಹಂಚಿ ಮುಗಿಸಲಿಲ್ಲ. ಸೌತ್ ಕೆನ್ಸಿಂಗ್ಟನ್ನಿನಲ್ಲಿ ಸುಮಾರು 87 ಎಕರೆ ಕೊಂಡಿತು. ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ, ವಿಜ್ಞಾನ ಹಾಗೂ ನಿಸರ್ಗ ಇತಿಹಾಸದ ಸಂಗ್ರಹಾಲಯಗಳು, ಇಂಪೀರಿಯಲ್ ಕಾಲೇಜು, ಆಲ್ಬರ್ಟ್ ಹಾಲ್ ಎಲ್ಲವೂ ಆ ನೆಲದ ಮೇಲಿವೆ. 1891ರಿಂದ ಶಿಷ್ಯವೇತನಗಳೂ ಆರಂಭವಾದವು. ನ್ಯೂಜಿಲೆಂಡಿನ ರೈತ ಕುಟುಂಬದ ಅರ್ನೆಸ್ಟ್ ರುದರ್‌ಫೋರ್ಡ್ 1895ರಲ್ಲಿ ಕೇಂಬ್ರಿಜ್ ತಲುಪಿದ್ದು ಅದರ ನೆರವಿನಿಂದ. 1930ರ ದಶಕದ ಕೊನೆಯಲ್ಲಿ ಹೋಮಿ ಭಾಭಾ ಅವರಿಗೂ ಇದೇ ನಿಧಿಯ ಹಿರಿಯ ಶಿಷ್ಯವೇತನ ದೊರೆಯಿತು. 1939ರಲ್ಲಿ ರಜೆಗೆ ಭಾರತಕ್ಕೆ ಬಂದಿದ್ದ ಭಾಭಾ, ಮಹಾಯುದ್ಧ ಆರಂಭವಾದ್ದರಿಂದ ಇಲ್ಲೇ ಉಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ವಿಭಾಗ ಸೇರಿ ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. ಆಯೋಗ ಈಗಲೂ ಕೆಲಸ ಮಾಡುತ್ತಿದೆ. ಪ್ರತಿ ವರ್ಷ ಯುವ ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಸಂಶೋಧನೆಗೆ ಹಣ ಕೊಡುತ್ತಿದೆ.